ಟೂಲ್ ರೂಮಿನ ಗಂಟೆಗಳು

ಬೆಂಗಳೂರಿನ ಪೀಣ್ಯದ ಒಂದು ಕಾರ್ಖಾನೆಗೆ ಸುರಕ್ಷತಾ ಅಧಿಕಾರಿಯಾಗಿ ಸೇರಿದಾಗ ನಾನು ಮೊದಲು ಓದಿದ್ದು ಸುರಕ್ಷತಾ ಸಮಿತಿಯ ನಡಾವಳಿ ಪುಸ್ತಕ. ದಪ್ಪ ರಟ್ಟಿನ ರಿಜಿಸ್ಟರು. ಅದರಲ್ಲಿ ಒಂದು ಸಾಲು ಪ್ರತಿ ಸಭೆಯಲ್ಲೂ ತಪ್ಪದೆ ಬರುತ್ತಿತ್ತು: ‘ಪವರ್ ಪ್ರೆಸ್ಸುಗಳಿಗೆ ಗಾರ್ಡ್ ಹಾಕುವುದು – ಪ್ರಗತಿಯಲ್ಲಿದೆ.’ ಬರೆದವರ ಕೈ ಬದಲಾಗಿತ್ತು, ಕೆಳಗಿನ ಸಹಿಗಳು ಬದಲಾಗಿದ್ದವು, ಸಾಲು ಮಾತ್ರ ಹಾಗೇ ಇತ್ತು. ಯಾರೂ ಸುಳ್ಳು ಬರೆದಿರಲಿಲ್ಲ. ಪ್ರತಿ ಸಲವೂ ಯಾವುದೋ ಒಂದು ಪ್ರೆಸ್ಸಿಗೆ ಹೊಸದಾಗಿ ಜಾಲರಿ ಬಂದಿರುತ್ತಿತ್ತು. ಅಷ್ಟರಲ್ಲಿ ಇನ್ನೊಂದರದ್ದು ಕಳಚಿ ಗೋಡೆಗೆ ಒರಗಿರುತ್ತಿತ್ತು.

ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆ ಅದು. ತಗಡನ್ನು ಕತ್ತರಿಸಿ, ಬಾಗಿಸಿ, ತೂತು ಹೊಡೆದು ಬ್ರ್ಯಾಕೆಟ್ಟು, ಕ್ಲ್ಯಾಂಪು, ಮುಚ್ಚಳಗಳನ್ನು ಮಾಡುವುದು. 1948ರ ಕಾರ್ಖಾನೆಗಳ ಕಾಯ್ದೆಯ 40-ಬಿ ಕಲಮಿನಲ್ಲಿ ಸಾವಿರ ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗೆ ಸುರಕ್ಷತಾ ಅಧಿಕಾರಿಯ ಮಾತು ಬರುತ್ತಿತ್ತು. ಗುತ್ತಿಗೆಯವರನ್ನೂ ಸೇರಿಸಿ ಎಣಿಸಿದಾಗ ನಮ್ಮ ಲೆಕ್ಕ ಆ ಗಡಿ ದಾಟಿತ್ತು, ಹಾಗಾಗಿ ನಾನು ಬಂದೆ. ಅದೇ ಕಾಯ್ದೆಯ 21ನೇ ಕಲಮು ಯಂತ್ರದ ಅಪಾಯದ ಭಾಗಗಳಿಗೆ ಭದ್ರವಾದ ತಡೆ ಇರಲೇಬೇಕೆಂದು ಹೇಳುತ್ತಿತ್ತು. ಏನು ಬೇಕು ಎಂಬುದನ್ನು ಕಾನೂನು ಸ್ಪಷ್ಟವಾಗಿಯೇ ಹೇಳಿತ್ತು. ಯಾರು, ಯಾವ ವಾರ, ಯಾವ ದುಡ್ಡಿನಲ್ಲಿ, ಯಾವ ಪ್ರೆಸ್ಸನ್ನು ಮೊದಲು ನಿಲ್ಲಿಸಿ ಮಾಡಬೇಕು ಎಂಬುದನ್ನು ಯಾವ ಕಾನೂನೂ ಹೇಳುವುದಿಲ್ಲ, ಹೇಳಲಾಗದು. ನನ್ನ ವೃತ್ತಿಯ ಮುಕ್ಕಾಲು ಪಾಲು ಇರುವುದು ಆ ಜಾಗದಲ್ಲೇ ಎಂದು ಇಂದಿಗೂ ನಂಬುತ್ತೇನೆ. ಆಗ ಅದನ್ನು ನನಗೆ ಯಾರೂ ಪಾಠ ಮಾಡಿರಲಿಲ್ಲ.

ಪ್ರೆಸ್ ಶಾಪಿನಲ್ಲಿ ಎರಡು ಬಗೆಯ ಪ್ರೆಸ್ಸುಗಳಿದ್ದವು. ಹೊಸವು ಗಾಳಿಯ ಒತ್ತಡದ ಕ್ಲಚ್ಚಿನವು. ಹೊಡೆತದ ನಡುವೆ ಎಲ್ಲಿ ಬೇಕಾದರೂ ನಿಲ್ಲುತ್ತವೆ. ಹಳೆಯವು ಕೀ ಕ್ಲಚ್ಚಿನವು. ಪೆಡಲ್ ತುಳಿದರೆ ದೊಡ್ಡ ಗಾಲಿಗೂ ಶಾಫ್ಟಿಗೂ ನಡುವೆ ಒಂದು ಉಕ್ಕಿನ ಕೀ ಕಚ್ಚಿಕೊಳ್ಳುತ್ತದೆ. ಒಮ್ಮೆ ಕಚ್ಚಿತೆಂದರೆ ಮುಗಿಯಿತು, ಮೇಲಿನ ರ‍್ಯಾಮು ಕೆಳಗಿಳಿದು ಮತ್ತೆ ಮೇಲೆ ಹೋಗುವವರೆಗೆ ದೇವರು ಬಂದರೂ ನಿಲ್ಲಿಸಲಾಗದು. ಕೀ ಸವೆದರೆ, ಸ್ಪ್ರಿಂಗು ಸೋತರೆ, ಬ್ರೇಕು ಸಡಿಲವಾದರೆ ಪೆಡಲ್ ತುಳಿಯದೆಯೇ ಇನ್ನೊಂದು ಹೊಡೆತ ಬೀಳುತ್ತದೆ. ಶಾಪಿನವರು ಅದನ್ನು ‘ಡಬಲ್ ಸ್ಟ್ರೋಕ್’ ಅನ್ನುತ್ತಾರೆ. ಯಾವ ಪ್ರೆಸ್ಸು ಡಬಲ್ ಹೊಡೆಯುತ್ತದೆ ಎಂಬುದು ಹಳೆಯ ಆಪರೇಟರುಗಳಿಗೆಲ್ಲ ಗೊತ್ತಿರುತ್ತದೆ. ಗೊತ್ತಿಲ್ಲದವರು ಹೊಸಬರು.

ಅಂಥ ಒಬ್ಬ ಹೊಸಬ ರಾಯಚೂರಿನ ಕಡೆಯ ಹುಡುಗ, ಗುತ್ತಿಗೆಯವನು. ಎರಡನೇ ಶಿಫ್ಟಿನಲ್ಲಿ ತಗಡಿಗೆ ಆಕಾರ ಕೊಡುವ ಅಚ್ಚಿಗೆ, ಅಂದರೆ ಡೈಗೆ, ಅಂಟಿಕೊಂಡ ಪೀಸನ್ನು ಬೆರಳಲ್ಲಿ ಎಬ್ಬಿಸಲು ಹೋದಾಗ ಎರಡನೇ ಹೊಡೆತ ಬಿತ್ತು. ಬಲಗೈಯ ತೋರುಬೆರಳು ಪೂರ್ತಿ ಹೋಯಿತು, ನಡುಬೆರಳಿನ ತುದಿಯೂ ಹೋಯಿತು. ಇ.ಎಸ್.ಐ. ಆಸ್ಪತ್ರೆಯ ವರಾಂಡದಲ್ಲಿ ಅವನ ಅಣ್ಣ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ರಿಪೋರ್ಟಿನ್ಯಾಗ ಎಷ್ಟು ಬೆರಳು ಅಂತ ಬರದೀರಿ ಸರ್? ಒಂದು ಅಂತ ಬರೀಬ್ಯಾಡ್ರಿ. ತುದೀನೂ ಹೋಗೇತಿ, ಅದನ್ನೂ ಬರೀರಿ.”

ಅವನು ಕೇಳಿದ್ದರಲ್ಲಿ ಅರ್ಥವಿತ್ತು. ಇ.ಎಸ್.ಐ. ಕಾಯ್ದೆಯ ಅನುಸೂಚಿಯಲ್ಲಿ ಬೆರಳುಗಳಿಗೆ ಲೆಕ್ಕವಿತ್ತು. ತೋರುಬೆರಳು ಪೂರ್ತಿ ಹೋದರೆ ಗಳಿಕೆಯ ಶಕ್ತಿ ನೂರಕ್ಕೆ 14ರಷ್ಟು ಹೋದಂತೆ. ನಡುಬೆರಳು ಪೂರ್ತಿಯಾದರೆ 12, ಉಂಗುರದ ಬೆರಳೋ ಕಿರುಬೆರಳೋ ಆದರೆ 7, ಹೆಬ್ಬೆರಳಾದರೆ 30. ಆ ಶೇಕಡಾವಾರಿನ ಮೇಲೆ ಇ.ಎಸ್.ಐ. ನಿಗಮ ತಿಂಗಳು ತಿಂಗಳು ಹಣ ಕೊಡುತ್ತದೆ. ಬೆರಳು ಕಳೆದುಕೊಂಡವನ ಮನೆಗೆ ಅದು ದೊಡ್ಡ ಆಸರೆ, ಆ ವ್ಯವಸ್ಥೆಯ ಬಗ್ಗೆ ನನಗೆ ಗೌರವವಿದೆ. ಆದರೆ ಅದಕ್ಕೆ ಇನ್ನೊಂದು ಮುಖವೂ ಇದೆ. ಇ.ಎಸ್.ಐ. ಕಾಯ್ದೆಯ 53ನೇ ಕಲಮಿನಂತೆ, ಆ ಸೌಲಭ್ಯಕ್ಕೆ ಒಳಪಟ್ಟ ಕಾರ್ಮಿಕ ಅದೇ ಗಾಯಕ್ಕೆ ಮಾಲೀಕರಿಂದ ಬೇರೆ ಕಾಯ್ದೆಯಡಿ ಪರಿಹಾರ ಕೇಳುವಂತಿರಲಿಲ್ಲ. ಕಂಪನಿ ತಿಂಗಳ ವಂತಿಗೆ ಕಟ್ಟುತ್ತದೆ. ಬೆರಳು ಹೋದರೂ ಅಷ್ಟೇ, ಹೋಗದಿದ್ದರೂ ಅಷ್ಟೇ. ಆ ಹುಡುಗನ ಬೆರಳಿನ ಬೆಲೆ ನಮ್ಮ ಕಾರ್ಖಾನೆಯ ಯಾವ ಲೆಕ್ಕದ ಪುಸ್ತಕದಲ್ಲೂ ಕಾಣಿಸಿಕೊಳ್ಳಲಿಲ್ಲ. ಮರುವಾರದ ಉತ್ಪಾದನಾ ಸಭೆಯಲ್ಲಿ ಆ ಪ್ರೆಸ್ಸು ನಿಂತಿದ್ದ ಗಂಟೆಗಳ ಲೆಕ್ಕ ಬಂತು, ಅಷ್ಟೆ.

ಅವತ್ತು ನೆನಪಾದದ್ದು ಚೆನ್ನೈನ ಪ್ರಾದೇಶಿಕ ಕಾರ್ಮಿಕ ಸಂಸ್ಥೆಯಲ್ಲಿ ಕೈಗಾರಿಕಾ ಸುರಕ್ಷತೆಯ ಡಿಪ್ಲೊಮಾ ಓದುವಾಗ ಕೇಳಿದ ಭೋಪಾಲದ ಪಾಠ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ಟ್ಯಾಂಕಿನಿಂದ ಮೀಥೈಲ್ ಐಸೊಸೈನೇಟ್ ಹೊರನುಗ್ಗಿದಾಗ ಅದನ್ನು ತಡೆಯಬೇಕಾಗಿದ್ದ ಒಂದೊಂದು ವ್ಯವಸ್ಥೆಯೂ ಒಂದೊಂದು ಕಾರಣಕ್ಕೆ ಕೆಲಸದಲ್ಲಿರಲಿಲ್ಲ. ಟ್ಯಾಂಕನ್ನು ತಣ್ಣಗಿಡುವ ಘಟಕವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದರು. ಹೊರಬರುವ ಅನಿಲವನ್ನು ಸುಟ್ಟುಹಾಕಬೇಕಾಗಿದ್ದ ಫ್ಲೇರ್ ಗೋಪುರದ ಪೈಪು ತುಕ್ಕು ಹಿಡಿದಿತ್ತು. ಆ ತುಂಡನ್ನು ಬದಲಿಸುವ ಕೆಲಸ ಬಾಕಿ ಇತ್ತು. ಬಾಕಿ ಕೆಲಸ! ಅಲ್ಲಿಯೂ ಯಾವುದೋ ಪುಸ್ತಕದಲ್ಲಿ, ಯಾವುದೋ ಸಾಲಿನಲ್ಲಿ ಅದು ‘ಆಗಬೇಕಾಗಿದೆ’ ಎಂದೇ ಬರೆದುಕೊಂಡಿದ್ದಿರಬೇಕು. ಓದುವಾಗ ನಾವೆಲ್ಲ ಅನಿಲದ ರಸಾಯನಶಾಸ್ತ್ರವನ್ನು ಬರೆದುಕೊಂಡೆವು. ಆ ಒಂದು ತುಂಡು ಪೈಪು ಯಾಕೆ ಸಮಯಕ್ಕೆ ಬದಲಾಗಲಿಲ್ಲ ಎಂಬ ಪ್ರಶ್ನೆ ಪ್ರೆಸ್ ಶಾಪಿನಲ್ಲಿ ನಿಂತಾಗಲೇ ನನ್ನನ್ನು ಹಿಡಿದದ್ದು.

ಉತ್ತರದ ಒಂದು ತುದಿ ನಮ್ಮದೇ ಕಾರ್ಖಾನೆಯ ಎರಡನೇ ಮಹಡಿಯಲ್ಲಿತ್ತು. ಅದು ಹೊಸ ಬಿಡಿಭಾಗಗಳ ಅಭಿವೃದ್ಧಿ ವಿಭಾಗ. ಗ್ರಾಹಕ ಕಂಪನಿಯಿಂದ ಹೊಸ ಬ್ರ್ಯಾಕೆಟ್ಟಿನ ಆರ್ಡರ್ ಬಂದರೆ ಅಲ್ಲಿನ ಗೋಡೆಗೆ ಒಂದು ದೊಡ್ಡ ಪಟ್ಟಿ ಏರುತ್ತಿತ್ತು. ಡ್ರಾಯಿಂಗ್ ಪರಿಶೀಲನೆ, ಡೈ ವಿನ್ಯಾಸ, ಉಕ್ಕಿನ ಖರೀದಿ, ಮೊದಲ ಮಾದರಿ, ಗ್ರಾಹಕರ ಒಪ್ಪಿಗೆ – ಪ್ರತಿ ಸಾಲಿನ ಮುಂದೆ ಒಬ್ಬರ ಹೆಸರು, ಒಂದು ತಾರೀಖು, ಒಂದು ಮೊತ್ತ. ಅಮೆರಿಕದ ಮೂರು ದೊಡ್ಡ ಕಾರು ಕಂಪನಿಗಳು 1994ರಲ್ಲಿ ಒಟ್ಟಾಗಿ ಹೊರತಂದ ಎ.ಪಿ.ಕ್ಯೂ.ಪಿ. ಪದ್ಧತಿ ಅದು, ವಾಹನ ಬಿಡಿಭಾಗ ಮಾಡುವವರಿಗೆಲ್ಲ ಪರಿಚಿತ. ತಾರೀಖು ಜಾರಿದರೆ ಆ ಸಾಲು ಕೆಂಪಾಗುತ್ತಿತ್ತು. ಕೆಂಪಾದ ಸಾಲಿನ ಮುಂದೆ ಹೆಸರಿದ್ದವರು ಸೋಮವಾರದ ಸಭೆಯಲ್ಲಿ ಎದ್ದು ನಿಂತು ಕಾರಣ ಹೇಳಬೇಕಿತ್ತು. ಒಂದು ಚಿಕ್ಕ ಕ್ಲ್ಯಾಂಪಿಗೂ ಇಷ್ಟು ಜತನ! ಅದೇ ಜನ, ಅದೇ ಕಟ್ಟಡ. ಕೆಳಗಿನ ಮಹಡಿಯ ಗಾರ್ಡಿನ ಕೆಲಸಕ್ಕೆ ಮಾತ್ರ ಹೆಸರಿಲ್ಲ, ತಾರೀಖಿಲ್ಲ, ಹಣವೂ ಇಲ್ಲ. ಕೆಟ್ಟ ಮನಸ್ಸಿನವರು ಅಲ್ಲಿ ಯಾರೂ ಇರಲಿಲ್ಲ ಎಂದು ಒತ್ತಿ ಹೇಳುತ್ತೇನೆ. ಗಾರ್ಡು ಎಲ್ಲರಿಗೂ ಬೇಕಿತ್ತು. ಎಲ್ಲರಿಗೂ ಬೇಕಾದದ್ದು ಯಾರೊಬ್ಬರ ಕೆಲಸವೂ ಆಗಿರಲಿಲ್ಲ.

ಭಾನುವಾರಗಳಂದು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟಿನ ಒಂದು ತರಗತಿಗೆ ಸೇರಿಕೊಂಡೆ. ಬೆಂಗಳೂರಲ್ಲವೇ, ತರಗತಿಯ ತುಂಬ ಸಾಫ್ಟ್‌ವೇರ್ ಎಂಜಿನಿಯರುಗಳು. ಕಾರ್ಖಾನೆಯಿಂದ ಬಂದವನು ನಾನೊಬ್ಬನೇ. ಅವರು ಲ್ಯಾಪ್‌ಟಾಪಿನಲ್ಲಿ ಬಿಡಿಸುತ್ತಿದ್ದ ಅಡ್ಡಗೆರೆಗಳ ಚಾರ್ಟು 1910ರ ದಶಕದಲ್ಲಿ ಹೆನ್ರಿ ಗ್ಯಾಂಟ್ ಯಂತ್ರಶಾಲೆಗಳಿಗಾಗಿ ಬೆಳೆಸಿದ್ದೆಂದು ತಿಳಿದಾಗ ನನಗೆ ಹೆಮ್ಮೆಯಾಯಿತು. ‘ಕ್ರಿಟಿಕಲ್ ಪಾತ್’ ಲೆಕ್ಕದ ಹುಟ್ಟು ಇನ್ನೂ ಹತ್ತಿರದ್ದು. 1950ರ ದಶಕದ ಕೊನೆಯಲ್ಲಿ ಡ್ಯೂಪಾಂಟ್ ಕಂಪನಿಯ ಮೋರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡಿನ ಜೇಮ್ಸ್ ಕೆಲ್ಲಿ ಅದನ್ನು ರೂಪಿಸಿದರು. ರಾಸಾಯನಿಕ ಕಾರ್ಖಾನೆ ಕಟ್ಟುವುದಕ್ಕೂ, ದುರಸ್ತಿಗೆಂದು ಅದನ್ನು ನಿಲ್ಲಿಸಿದಾಗ ಎಷ್ಟು ಬೇಗ ಮತ್ತೆ ಶುರು ಮಾಡಬಹುದು ಎಂದು ಕಂಡುಕೊಳ್ಳುವುದಕ್ಕೂ ಅದನ್ನು ಬಳಸಿದರು. ಯಾವ ಕೆಲಸ ತಡವಾದರೆ ಇಡೀ ಯೋಜನೆ ತಡವಾಗುತ್ತದೋ ಅದನ್ನು ಹುಡುಕಿ ಹಿಡಿಯುವ ಲೆಕ್ಕ ಅದು. ಯಂತ್ರ ನಿಲ್ಲಿಸಿ ಮಾಡುವ ಕೆಲಸವೆಂದರೆ ನನ್ನದೇ ಕೆಲಸ.

ಪ್ಲಾಂಟ್ ಹೆಡ್ ಅವರ ಬಳಿ ಹೋಗಿ, ಗಾರ್ಡಿನ ಕೆಲಸವನ್ನು ಹೊಸ ಬಿಡಿಭಾಗದಂತೆಯೇ ನಡೆಸಿಕೊಡಿ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಸೋಮವಾರದ ಸಭೇಲಿ ನೀವೂ ನಿಂತ್ಕೋಬೇಕಾಗುತ್ತೆ” ಅಂದರು. ಒಪ್ಪಿಕೊಂಡೆ.

ಮೊದಲು ಆಗಬೇಕಾದದ್ದು ಗಡಿ ಹಾಕುವ ಕೆಲಸ. ಯೋಜನೆಯೊಂದು ಶುರುವಾಗುತ್ತಿದೆ ಎಂದು ಗೊತ್ತಾದ ಕೂಡಲೇ ಎಲ್ಲರೂ ತಮ್ಮ ತಮ್ಮ ಬೇಡಿಕೆ ತಂದರು. ಶಬ್ದಕ್ಕೆ ಇಯರ್ ಪ್ಲಗ್ಗು, ನೆಲಕ್ಕೆ ಹಳದಿ ಪಟ್ಟೆ, ಫೋರ್ಕ್‌ಲಿಫ್ಟಿನ ದಾರಿ, ಸೋರುವ ಎಣ್ಣೆ. ಎಲ್ಲವೂ ಬೇಕಾದವೇ. ಆದರೆ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದ್ದರೆ ನಡಾವಳಿ ಪುಸ್ತಕದ ಆ ಸಾಲು ಇನ್ನಷ್ಟು ಉದ್ದವಾಗುತ್ತಿತ್ತು, ಅಷ್ಟೆ. ‘ಕೆಲಸ ಮಾಡುವವನ ಕೈ ಡೈಯ ಬಾಯಿಗೆ ಹೋಗದಂತೆ ಮಾಡುವುದು’ ಎಂದು ಒಂದೇ ವಾಕ್ಯ ಬರೆದು, ಅದರ ಕೆಳಗೆ ಸಂಬಂಧಪಟ್ಟವರೆಲ್ಲರ ಸಹಿ ಪಡೆದೆ. ಆ ವಾಕ್ಯಕ್ಕೆ ಸೇರದ್ದನ್ನು ಬೇರೆ ಪಟ್ಟಿಗೆ ಹಾಕಿದೆ. ಸುರಕ್ಷತೆಯ ಕೆಲಸದಲ್ಲಿ ಒಂದು ಅಪಾಯವನ್ನು ‘ಈಗಲ್ಲ’ ಎಂದು ಬದಿಗಿಡುವುದು ಮನಸ್ಸಿಗೆ ಭಾರ. ಆದರೂ ಅದನ್ನು ಕಲಿಯಬೇಕು.

ಆಮೇಲೆ ಪ್ರೆಸ್ಸುಗಳ ಪಟ್ಟಿ. ಇಲ್ಲಿ ಪ್ರೆಸ್ಸಿನಷ್ಟೇ ಮುಖ್ಯ ಡೈ. ಒಂದೇ ಪ್ರೆಸ್ಸಿನ ಮೇಲೆ ಬೆಳಿಗ್ಗೆ ಒಂದು ಡೈ, ಸಂಜೆ ಇನ್ನೊಂದು. ಪ್ರೆಸ್ಸಿಗೆಂದು ಮಾಡಿದ ಗಾರ್ಡು ಬೆಳಗಿನ ಡೈಗೆ ಹೊಂದುತ್ತದೆ, ಸಂಜೆಯದಕ್ಕೆ ಅಡ್ಡ ಬರುತ್ತದೆ; ಡೈ ಕೂರಿಸುವ ಸೆಟ್ಟರ್ ಅದನ್ನು ಬಿಚ್ಚಿ ಗೋಡೆಗೆ ಒರಗಿಸುತ್ತಾನೆ. ಗೋಡೆಗೆ ಒರಗಿದ್ದ ಗಾರ್ಡುಗಳ ಗುಟ್ಟು ಇದು. ಇದನ್ನು ನನಗೆ ತೋರಿಸಿಕೊಟ್ಟವರು ತುಮಕೂರಿನ ಕಡೆಯ ಹಿರಿಯ ಸೆಟ್ಟರ್ ಒಬ್ಬರು. ಅಣ್ಣ, ಗಾರ್ಡ್ ಯಾಕೆ ಬಿಚ್ತಾರೆ ಎಂದು ನಾನು ಕೇಳಿದಾಗ ಅವರು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಇಡೀ ಮಧ್ಯಾಹ್ನ ನೋಡಲು ಹೇಳಿದರು. ಪೀಸು ಅಂಟಿಕೊಳ್ಳುತ್ತಿತ್ತು. ಸ್ಕ್ರ್ಯಾಪು ಡೈಯ ಅಂಚಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಪ್ರತಿ ಸಲವೂ ಗಾರ್ಡಿನ ಬೋಲ್ಟು ಬಿಚ್ಚಿ ತೆಗೆಯಬೇಕೆಂದರೆ ಶಿಫ್ಟಿನ ಗುರಿ ಮುಟ್ಟುವುದು ಹೇಗೆ, ಇನ್ಸೆಂಟಿವ್ ಸಿಗುವುದು ಹೇಗೆ? “ಸಾರ್, ಪೀಸ್ ತಾನಾಗೇ ಈಚೆ ಬಿದ್ರೆ ಯಾವೋನು ಕೈ ಹಾಕ್ತಾನೆ?” ಎಂದರು ಅವರು. ಯೋಜನೆಯ ದಿಕ್ಕು ಬದಲಾದದ್ದು ಆ ಮಾತಿನಿಂದ. ಗಾರ್ಡಿಗಿಂತ ಮೊದಲು ಕೈ ಒಳಹೋಗುವ ಕಾರಣವನ್ನು ತೆಗೆಯಬೇಕಿತ್ತು. ಡೈಯಲ್ಲೇ ಎಜೆಕ್ಟರ್ ಪಿನ್ನು, ಪೀಸನ್ನು ಊದಿ ತಳ್ಳುವ ಗಾಳಿಯ ಜೆಟ್ಟು, ಜಾರಿ ಬೀಳಲು ಇಳಿಜಾರಿನ ಚೂಟು ಬೇಕಿತ್ತು.

ಅಲ್ಲಿಂದ ಪಟ್ಟಿ ತಾನಾಗಿ ಕವಲೊಡೆಯಿತು. ಗಾಳಿ ಕ್ಲಚ್ಚಿನ ಪ್ರೆಸ್ಸುಗಳಿಗೆ ಎರಡು ಕೈಯಿಂದ ಒಟ್ಟಿಗೆ ಒತ್ತುವ ಗುಂಡಿಗಳು ಮತ್ತು ಬೆಳಕಿನ ಪರದೆ. ಕಿರಣದ ನಡುವೆ ಕೈ ಬಂದರೆ ಪ್ರೆಸ್ಸು ನಿಲ್ಲುತ್ತದೆ. ಕೀ ಕ್ಲಚ್ಚಿನ ಪ್ರೆಸ್ಸುಗಳಿಗೆ ಬೆಳಕಿನ ಪರದೆ ಹಾಕುವುದು ಪ್ರಯೋಜನವಿಲ್ಲದ್ದು ಮಾತ್ರವಲ್ಲ, ಅಪಾಯಕಾರಿ ಕೂಡ. ನಡುವೆ ನಿಲ್ಲಲಾರದ ಯಂತ್ರಕ್ಕೆ ನಿಲ್ಲೆಂದು ಹೇಳಿ ಏನು ಬಂತು? ಆದರೂ ಪರದೆ ಇದೆ ಎಂಬ ಧೈರ್ಯದಲ್ಲಿ ಕೈ ಒಳಹೋಗುತ್ತದೆ. ಎಲ್ಲ ಪ್ರೆಸ್ಸಿಗೂ ಪರದೆ ಮಾರುತ್ತೇನೆಂದು ಬಂದ ಒಬ್ಬ ಸರಬರಾಜುದಾರರನ್ನು ಈ ಒಂದೇ ಕಾರಣಕ್ಕೆ ವಾಪಸು ಕಳಿಸಿದೆವು. ಕೀ ಕ್ಲಚ್ಚಿನವಕ್ಕೆ ಡೈಯ ಸುತ್ತಲೇ ಮುಚ್ಚಿದ ಗಾರ್ಡು, ತಗಡು ಮಾತ್ರ ತೂರುವಷ್ಟು ಸೀಳು. ಅದೂ ಆಗದ ಪ್ರೆಸ್ಸುಗಳನ್ನು ತೆಗೆದುಹಾಕುವುದೆಂದು ತೀರ್ಮಾನಿಸಿದೆವು.

ಬೆಳಕಿನ ಪರದೆಯನ್ನು ಎಷ್ಟು ದೂರದಲ್ಲಿ ನಿಲ್ಲಿಸಬೇಕು ಎಂಬುದಕ್ಕೂ ಲೆಕ್ಕವಿದೆ. ಹತ್ತಿರದ ದೂರಕ್ಕೆ ಕೈ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಮುನ್ನುಗ್ಗುತ್ತದೆ ಎಂದು ಅಂತರರಾಷ್ಟ್ರೀಯ ಮಾನದಂಡ ಇಟ್ಟುಕೊಳ್ಳುತ್ತದೆ. ಪ್ರೆಸ್ಸು ಪೂರ್ತಿ ನಿಲ್ಲಲು 0.2 ಸೆಕೆಂಡು ಬೇಕಾದರೆ ಅಷ್ಟರಲ್ಲಿ ಕೈ 40 ಸೆಂಟಿಮೀಟರ್ ಸಾಗಿರುತ್ತದೆ. ಕಿರಣ ಕಿರಣಗಳ ನಡುವಿನ ಸಂದಿಗಾಗಿ ಅದರ ಮೇಲೆ ಇನ್ನಷ್ಟು ಸೇರಿಸಬೇಕು. ಪ್ರತಿ ಪ್ರೆಸ್ಸಿನ ನಿಲ್ಲುವ ಸಮಯವನ್ನು ಅಳೆಯದೆ ಪರದೆ ಹಾಕುವುದು ಸುಳ್ಳು ಭರವಸೆ ಕೊಟ್ಟಂತೆ. ಅಳೆಯುವ ಸಾಧನವನ್ನು ಬಾಡಿಗೆಗೆ ತರಿಸುವುದು, ಅದಕ್ಕಾಗಿ ಪ್ರೆಸ್ಸು ಬಿಡಿಸಿಕೊಳ್ಳುವುದು, ಬ್ರೇಕು ಸವೆದಂತೆ ಮತ್ತೆ ಅಳೆಯುವುದು – ಇವೆಲ್ಲ ಪಟ್ಟಿಯಲ್ಲಿ ತಮ್ಮ ತಮ್ಮ ಸಾಲು, ತಮ್ಮ ತಮ್ಮ ತಾರೀಖು ಪಡೆದವು.

ಕ್ರಿಟಿಕಲ್ ಪಾತ್ ಹುಡುಕಲು ಕೂತಾಗ ಎಲ್ಲರ ಊಹೆಯೂ ಹಣವೋ, ಪ್ರೆಸ್ಸು ನಿಲ್ಲಿಸುವ ಸಮಯವೋ ಅಡ್ಡಿ ಎಂದಿತ್ತು. ಗೆರೆ ಎಳೆದು ನೋಡಿದರೆ ಎಲ್ಲ ದಾರಿಗಳೂ ಡೈಗಳನ್ನು ಮಾಡುವ, ತಿದ್ದುವ ಟೂಲ್ ರೂಮಿಗೆ ಬಂದು ಸೇರುತ್ತಿದ್ದವು. ಡೈ ಬಿಚ್ಚಿ ಎಜೆಕ್ಟರ್ ಕೂರಿಸಬಲ್ಲ ನುರಿತ ಕೈಗಳು ಕೆಲವೇ. ಅವರೆಲ್ಲ ಹೊಸ ಬಿಡಿಭಾಗಗಳ ಡೈಗಳಲ್ಲಿ ಮುಳುಗಿದ್ದರು. ವರ್ಷಗಟ್ಟಲೆ ಗಾರ್ಡು ಯಾಕೆ ಮುಗಿಯಲಿಲ್ಲ ಎಂಬುದು ಆಗ ನಮಗೆ ಕಣ್ಣಾರೆ ಕಂಡಿತು. ಆಪರೇಟರನ ಅಜಾಗರೂಕತೆ ಎಂದು ಬರೆದು ಮುಚ್ಚಿದ್ದ ಅಪಘಾತ ವರದಿಗಳಿಗೆಲ್ಲ ಉತ್ತರ ಟೂಲ್ ರೂಮಿನ ಗಂಟೆಗಳಲ್ಲಿತ್ತು. ವಾರಕ್ಕೆ ಇಷ್ಟು ಗಂಟೆ ಗಾರ್ಡಿನ ಕೆಲಸಕ್ಕೆ ಮೀಸಲು, ಅದನ್ನು ಬೇರೆ ಯಾರೂ ಕಿತ್ತುಕೊಳ್ಳುವಂತಿಲ್ಲ ಎಂದು ಪ್ಲಾಂಟ್ ಹೆಡ್ ಬರೆದುಕೊಟ್ಟರು. ಇಡೀ ಯೋಜನೆಯಲ್ಲಿ ಒಂದೇ ಒಂದು ಕಾಗದ ಉಳಿಸಿಕೊಳ್ಳಿ ಎಂದರೆ ನಾನು ಅದನ್ನು ಉಳಿಸಿಕೊಳ್ಳುತ್ತೇನೆ.

ಹಣದ ಮಾತು ಬಂದಾಗ ಲೆಕ್ಕಪತ್ರದ ಮುಖ್ಯಸ್ಥರು, ಹಾಕಿದ ದುಡ್ಡು ಎಷ್ಟು ವರ್ಷದಲ್ಲಿ ವಾಪಸಾಗುತ್ತದೆ ಎಂದು ಕೇಳಿದರು. ಅವರ ಕೆಲಸ ಅದು, ಕೇಳಲೇಬೇಕು. ಬೆರಳಿನ ಬೆಲೆಯನ್ನು ರೂಪಾಯಿಗೆ ಇಳಿಸಿ ಅವರ ಮುಂದಿಡಲು ನನಗೆ ಮನಸ್ಸಾಗಲಿಲ್ಲ. ಆ ಬೆಲೆ ಕಂಪನಿಯ ಲೆಕ್ಕದಲ್ಲಿ ಯಾಕೆ ಕಾಣುವುದಿಲ್ಲ ಎಂದು 53ನೇ ಕಲಮನ್ನು ಓದಿ ಹೇಳಿದೆ. “ಹಾಗಾದ್ರೆ ಇದು ವಾಪಸು ಬರೋ ಖರ್ಚಲ್ಲ, ನಾವು ಮಾಡಲೇಬೇಕಾದ ಖರ್ಚು” ಎಂದು ಅವರೇ ಷರಾ ಬರೆದರು. ಜೊತೆಗೆ, ಪೀಸು ತಾನಾಗಿ ಹೊರಬೀಳುವ ಡೈಗಳಲ್ಲಿ ಗಂಟೆಗೆ ಬರುವ ಪೀಸುಗಳ ಸಂಖ್ಯೆ ಹೆಚ್ಚುತ್ತದೆ ಎಂಬ ಲೆಕ್ಕವನ್ನೂ ಕೊಟ್ಟಿದ್ದೆ. ಅದು ನಿಜವೂ ಆಗಿತ್ತು. ಕೆಲವು ಡೈಗಳಲ್ಲಿ ಮಾತ್ರ ಗಾರ್ಡಿನಿಂದ ವೇಗ ತಗ್ಗುತ್ತಿತ್ತು. ಅಂಥ ಕೆಲಸಗಳ ಗುರಿಯನ್ನು ಇಳಿಸಬೇಕೆಂದು ಕಾರ್ಮಿಕ ಸಂಘ ಪಟ್ಟು ಹಿಡಿಯಿತು. ಅವರ ಪಟ್ಟು ಸರಿಯಾಗಿತ್ತು. ಗಾರ್ಡು ಹಾಕಿ ಹಳೆಯ ಗುರಿಯನ್ನೇ ಉಳಿಸಿದ್ದರೆ ಗಾರ್ಡನ್ನು ಬಿಚ್ಚಿರಿ ಎಂದು ನಾವೇ ಹೇಳಿದಂತಾಗುತ್ತಿತ್ತು.

ಹಣ ಮಂಜೂರಾಗಿ ಕೆಲಸ ಒಂದು ಲಯಕ್ಕೆ ಬರುವ ಹೊತ್ತಿಗೆ 2008ರ ಕೊನೆಯ ಕುಸಿತ ಬಂತು. ವಾಹನಗಳ ಮಾರಾಟ ಬಿದ್ದು ಆರ್ಡರುಗಳು ಕಡಿಮೆಯಾದವು, ಪೀಣ್ಯದ ರಸ್ತೆಗಳಲ್ಲಿ ಲಾರಿಗಳ ಸದ್ದೇ ತಗ್ಗಿತು. ವಿಚಿತ್ರ ಪರಿಸ್ಥಿತಿ: ಇಷ್ಟು ದಿನ ಬಿಡುವಿಲ್ಲದ ಪ್ರೆಸ್ಸುಗಳು ಈಗ ಖಾಲಿ, ಖರ್ಚಿಗೆ ಮಾತ್ರ ಬೀಗ. ಹೊರಗಿನಿಂದ ಕೊಳ್ಳಬೇಕಾದ ಬೆಳಕಿನ ಪರದೆಗಳನ್ನೆಲ್ಲ ಮುಂದಕ್ಕೆ ತಳ್ಳಿ, ನಮ್ಮ ಕೈಯಿಂದಲೇ ಆಗುವ ಮುಚ್ಚಿದ ಗಾರ್ಡು, ಚೂಟು, ಎಜೆಕ್ಟರುಗಳನ್ನು ಮೊದಲಿಗೆ ತಂದೆವು. ಕೆಲಸ ಕಡಿಮೆಯಾಗಿದ್ದ ಟೂಲ್ ರೂಮಿನ ಮೇಸ್ತ್ರಿಗಳು ಗೋಡೌನಿನಲ್ಲಿ ಉಳಿದಿದ್ದ ತಗಡು, ಪೈಪುಗಳಲ್ಲೇ ಅಷ್ಟನ್ನೂ ಮಾಡಿದರು. ಪಟ್ಟಿ ಮುಂಚೆಯೇ ಇತ್ತೆಂಬ ಕಾರಣಕ್ಕೆ ಅದು ಸಾಧ್ಯವಾಯಿತು; ಯಾವುದನ್ನು ಹಿಂದೆ ಮುಂದೆ ಸರಿಸಬಹುದು ಎಂದು ಒಂದು ಸಂಜೆಯಲ್ಲಿ ಹೇಳಲು ಬಂತು. ಆ ಮಂದಿಯ ಕೆಲಸ ಉಳಿಯಲು ಅದೂ ಸ್ವಲ್ಪ ನೆರವಾಯಿತೆಂದು ನನಗೆ ಸಮಾಧಾನ.

ಮಾರುಕಟ್ಟೆ ಚೇತರಿಸಿಕೊಂಡ ಮೇಲೆ ಪ್ರೆಸ್ಸು ಬಿಡಿಸಿಕೊಳ್ಳುವ ಕಷ್ಟ ಮರಳಿತು. ದೊಡ್ಡ ಕೆಲಸಗಳನ್ನು ಆಯುಧಪೂಜೆಯ ರಜೆಗೆ ಹೊಂದಿಸಿದೆವು. ಮುಂಚಿನ ವಾರಗಳಲ್ಲಿ ಹೆಚ್ಚು ಪೀಸು ಮಾಡಿಟ್ಟುಕೊಂಡು, ಪೂಜೆಯಾಗಿ ಬೂದುಗುಂಬಳ ಒಡೆದ ಮೇಲೆ ಯಂತ್ರಗಳು ಎಲೆಕ್ಟ್ರಿಷಿಯನ್ನರ ಕೈಗೆ ಬರುತ್ತಿದ್ದವು. ರಜೆಯ ದಿನಗಳ ಇಂಥ ಕೆಲಸವೇ ದೊಡ್ಡ ಅಪಾಯ. ಮೇಲ್ವಿಚಾರಕರು ಕಡಿಮೆ, ಹೊರಗಿನ ಕಂಟ್ರ್ಯಾಕ್ಟರ್ ಜನ ಹೆಚ್ಚು, ಎಲ್ಲರಿಗೂ ಅವಸರ. ಮೇನ್ ಸ್ವಿಚ್ಚಿಗೆ ಬೀಗ ಹಾಕಿ ಕೀಲಿಯನ್ನು ಕೆಲಸ ಮಾಡುವವನ ಜೇಬಿನಲ್ಲೇ ಇಡುವುದು, ರ‍್ಯಾಮಿನ ಕೆಳಗೆ ಸೇಫ್ಟಿ ಬ್ಲಾಕ್ ನಿಲ್ಲಿಸದೆ ಕೈ ಹಾಕದಿರುವುದು, ಗಾಳಿಯ ಟ್ಯಾಂಕು ಖಾಲಿ ಮಾಡುವುದು – ಇವಕ್ಕೆ ಪಟ್ಟಿಯಲ್ಲಿ ಸಮಯ ಕೊಟ್ಟಿದ್ದೆವು. ಸಮಯ ಕೊಡದ ಮುನ್ನೆಚ್ಚರಿಕೆಯನ್ನು ಯಾರೂ ಪಾಲಿಸುವುದಿಲ್ಲ.

ಯೋಜನೆ ಮುಗಿಯುವ ಹೊತ್ತಿಗೆ ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಯೋಜನೆಗೆ ಕೊನೆಯ ತಾರೀಖಿರುತ್ತದೆ, ಪ್ರೆಸ್ ಶಾಪಿಗೆ ಇರುವುದಿಲ್ಲ. ಮುಂದಿನ ತಿಂಗಳು ಹೊಸ ಡೈ ಬರುತ್ತದೆ, ಅದಕ್ಕೆ ಗಾರ್ಡು ಇರುವುದಿಲ್ಲ. 1974ರಲ್ಲಿ ಇಂಗ್ಲೆಂಡಿನ ಫ್ಲಿಕ್ಸ್‌ಬರೋದ ಕಾರ್ಖಾನೆಯೊಂದರಲ್ಲಿ ಕೆಟ್ಟ ರಿಯಾಕ್ಟರೊಂದನ್ನು ತೆಗೆದು, ಅದರ ಜಾಗಕ್ಕೆ ತಾತ್ಕಾಲಿಕ ಪೈಪೊಂದನ್ನು ಸರಿಯಾದ ವಿನ್ಯಾಸವಿಲ್ಲದೆ ಜೋಡಿಸಿದ್ದರು. ಜೂನ್ 1ರಂದು ಅದು ಒಡೆದು ಆದ ಸ್ಫೋಟದಲ್ಲಿ 28 ಮಂದಿ ಸತ್ತರು. ಚೆನ್ನಾಗಿ ಕಟ್ಟಿದ ಕಾರ್ಖಾನೆಯೊಳಗೆ ಆಮೇಲೆ ನುಸುಳುವ ಚಿಕ್ಕ ಬದಲಾವಣೆಯ ಭಯವನ್ನು ನಮ್ಮ ವೃತ್ತಿಯವರಿಗೆ ಕಲಿಸಿದ ಘಟನೆ ಅದು. ಹಾಗಾಗಿ ಕೊನೆಯ ಕೆಲಸವೆಂದು ನಾವು ಮಾಡಿದ್ದು ಎರಡನೇ ಮಹಡಿಯ ಪಟ್ಟಿಯ ತಿದ್ದುಪಡಿ. ಹೊಸ ಬಿಡಿಭಾಗದ ಪ್ರತಿ ಯೋಜನೆಯಲ್ಲೂ ‘ಗಾರ್ಡು ಮತ್ತು ಪೀಸು ಹೊರಹಾಕುವ ವ್ಯವಸ್ಥೆ’ ಎಂಬ ಸಾಲು ಸೇರಿತು. ಆ ಸಾಲಿಗೆ ಪ್ರೆಸ್ ಶಾಪಿನ ಸೆಟ್ಟರ್ ಸಹಿ ಹಾಕದೆ ಡೈ ಟೂಲ್ ರೂಮಿನಿಂದ ಹೊರಬರುವಂತಿಲ್ಲ. ಸಹಿ ಅಧಿಕಾರಿಯದಾಗಬೇಕೆಂದು ಕೆಲವರು ವಾದಿಸಿದರು. ಡೈ ಕೂರಿಸುವವನೇ ಹಾಕಬೇಕೆಂದು ನಾನು ಹಟ ಹಿಡಿದೆ. ಅಧಿಕಾರಿಗಳು ವರ್ಗವಾಗಿ ಹೋಗುತ್ತಾರೆ, ಆ ಡೈಯ ಮುಂದೆ ದಿನವೂ ನಿಲ್ಲುವವನು ಅವನು.

ತೆಗೆದುಹಾಕಲು ತೀರ್ಮಾನಿಸಿದ್ದ ಹಳೆಯ ಪ್ರೆಸ್ಸುಗಳದ್ದು ನೋವಿನ ವಿಷಯ. ಚಾಲ್ತಿಯಲ್ಲಿರುವ ಯಂತ್ರವಾಗಿ ಮಾರಿದರೆ ಗುಜರಿಯ ತೂಕಕ್ಕೆ ಬರುವುದಕ್ಕಿಂತ ಹೆಚ್ಚು ಹಣ ಬರುತ್ತದೆ. ಕೊಳ್ಳುವವರು ಪೀಣ್ಯದ ಒಳರಸ್ತೆಗಳ ಸಣ್ಣ ಶೆಡ್ಡುಗಳವರು. ನಮ್ಮಂಥವರಿಗೇ ಜಾಬ್ ವರ್ಕ್ ಮಾಡಿಕೊಡುವವರು. ಡಬಲ್ ಹೊಡೆಯುವ ಪ್ರೆಸ್ಸನ್ನು ನಮ್ಮ ಗೇಟಿನಿಂದ ಹೊರಗೆ ಕಳಿಸಿ, ಅದೇ ಪ್ರೆಸ್ಸಿನಿಂದ ಬಂದ ಪೀಸನ್ನು ಅದೇ ಗೇಟಿನಿಂದ ಒಳಗೆ ತರಿಸಿಕೊಂಡಂತೆ. ಹರಿಯಾಣದ ಮಾನೇಸರ್–ಗುರುಗ್ರಾಮದ ವಾಹನ ವಲಯದಲ್ಲಿ ಕೈ ಬೆರಳು ಕಳೆದುಕೊಂಡವರ ನಡುವೆ ಕೆಲಸ ಮಾಡುವ ಸೇಫ್ ಇನ್ ಇಂಡಿಯಾ ಸಂಸ್ಥೆ 2019ರಿಂದ ಹೊರತರುತ್ತಿರುವ ‘ಕ್ರಶ್ಡ್’ ವರದಿಗಳನ್ನು ಓದಿದಾಗಲೆಲ್ಲ ನನಗೆ ಆ ಪ್ರೆಸ್ಸುಗಳು ಕಣ್ಣಮುಂದೆ ಬರುತ್ತವೆ. ಗಾಯಗಳು ಹೆಚ್ಚಾಗಿ ಆಗುವುದು ದೊಡ್ಡ ಹೆಸರಿನ ಕಂಪನಿಗಳ ಅಂಗಳದಲ್ಲಲ್ಲ, ಸರಬರಾಜಿನ ಸರಪಳಿಯ ಕೆಳಗಿನ ಕೊಂಡಿಗಳಲ್ಲಿ ಎಂದು ಆ ವರದಿಗಳು ಹೇಳುತ್ತವೆ. ಅಲ್ಲಿ ಸಾವಿರ ಕಾರ್ಮಿಕರಿರುವುದಿಲ್ಲ, ಸುರಕ್ಷತಾ ಅಧಿಕಾರಿಯೂ ಇರುವುದಿಲ್ಲ.

‘ಕತ್ತರಿಸಿ ಗುಜರಿಗೆ’ ಎಂಬ ಸಾಲನ್ನು ಯೋಜನೆಯ ಪಟ್ಟಿಯಲ್ಲಿ ಬರೆದು, ಹೆಸರಿನ ಕಡೆ ನನ್ನ ಹೆಸರನ್ನೇ ಹಾಕಿಕೊಂಡೆ. ಅದಕ್ಕೆ ಮುಂಚೆಯೇ ಕೆಲವು ಪ್ರೆಸ್ಸುಗಳು ಮಾರಾಟವಾಗಿಬಿಟ್ಟಿದ್ದವು. ಉಳಿದವುಗಳ ಶಾಫ್ಟು, ಕ್ಲಚ್ಚುಗಳನ್ನು ಗ್ಯಾಸ್ ಕಟರಿನಿಂದ ಕತ್ತರಿಸಿಯೇ ತೂಕಕ್ಕೆ ಹಾಕಿದೆವು. ಆಗ ಬಂದ ಹಣದ ವ್ಯತ್ಯಾಸ ಲೆಕ್ಕದಲ್ಲಿ ನಷ್ಟವೆಂದೇ ನಮೂದಾಯಿತು. ಗಾರ್ಡಿನ ನಕ್ಷೆಗಳನ್ನು ಜಾಬ್ ವರ್ಕಿನವರಿಗೆ ಹಂಚಲು ಅನುಮತಿ ಕೇಳಿದೆ. ಡೈ ನಮ್ಮದೇ ಆದ್ದರಿಂದ ಡೈಯ ಜೊತೆ ಗಾರ್ಡೂ ಹೋಗಬೇಕೆಂದು ಒಪ್ಪಿಗೆ ಸಿಕ್ಕಿತು.

ಆ ತುಮಕೂರಿನ ಸೆಟ್ಟರ್ ನಿವೃತ್ತರಾದ ಮೇಲೆ ಮಗನ ಜೊತೆ ಲಗ್ಗೆರೆಯ ಕಡೆ ಒಂದು ಶೆಡ್ಡಿನಲ್ಲಿ ಎರಡು ಪ್ರೆಸ್ಸು ಹಾಕಿಕೊಂಡಿದ್ದಾರೆ. ಈಚೆಗೆ ಫೋನ್ ಮಾಡಿದ್ದರು. ತಗಡು ತೂರಿಸಲು 12 ಮಿಲಿಮೀಟರ್ ಸೀಳು ಬಿಟ್ಟರೆ ಗಾರ್ಡು ಡೈಯಿಂದ ಎಷ್ಟು ದೂರ ಇರಬೇಕು ಎಂದು ಕೇಳಿದರು. 100 ಮಿಲಿಮೀಟರ್ ಬೇಕು ಅಣ್ಣ, ಆ ಸೀಳಲ್ಲಿ ಬೆರಳು ಪೂರ್ತಿ ಹೋಗುತ್ತೆ ಅಂದೆ. “ಅಷ್ಟು ಜಾಗ ಇಲ್ಲ ಸಾರ್, ಬೋಲ್ಸ್ಟರ್ ಚಿಕ್ಕದು” ಎಂದರು. ಹಿಂದಿನಿಂದ ಪ್ರೆಸ್ಸಿನ ಸದ್ದು ಕೇಳುತ್ತಿತ್ತು. ಸ್ವಲ್ಪ ಯೋಚಿಸಿ ಅವರೇ ಮುಂದುವರಿಸಿದರು: “ತಗಡು ಮೂರೇ ಎಂ.ಎಂ. ದಪ್ಪ. ಸೀಳನ್ನೇ ಆರಕ್ಕೆ ಇಳಿಸ್ತೀನಿ. ಆಗ ಹತ್ರ ಕೂರಿಸಬೌದಲ್ವಾ?” ಸೀಳು 6 ಇದ್ದರೆ ಡೈಯಿಂದ 10 ಮಿಲಿಮೀಟರ್ ದೂರ ಬಿಟ್ಟರೂ ಸಾಕು ಎಂದೆ. ಬರೆದುಕೊಳ್ಳುತ್ತೇನೆ ಎಂದು ಮಗನಿಗೆ ಪೆನ್ನು ತರಲು ಹೇಳಿದರು.